ಮಂಜಿ: ಜಪಾನಿನ ಜಾಕೆಟ್ ಮೇಲಿರುವ ಆ ಗುರುತಿನ ಹೆಸರು

ಅನಿಮೆ, ಅಂದರೆ ಜಪಾನಿನ ಕಾರ್ಟೂನ್ ಚಿತ್ರಗಳ ಪಾತ್ರವೊಂದರ ಕಪ್ಪು ಜಾಕೆಟ್ ಮೇಲೆ ಸ್ವಸ್ತಿಕದಂಥ ಆ ಗುರುತು ಕಂಡರೆ ಸಾಕು, ಎರಡರಲ್ಲಿ ಒಂದು ಮಾತು ಬಂದೇ ಬರುತ್ತದೆ. "ನಾಜಿ ಚಿಹ್ನೆ ಹಾಕಿಕೊಂಡಿದ್ದಾರೆ" ಅನ್ನುವುದು ಒಂದು. "ನೋಡಿ, ಜಪಾನಿನವರೂ ನಮ್ಮ ಸ್ವಸ್ತಿಕ ಧರಿಸುತ್ತಾರೆ" ಅನ್ನುವುದು ಇನ್ನೊಂದು. ಮೊದಲನೆಯದು ಪೂರ್ತಿ ತಪ್ಪು. ಎರಡನೆಯದು ಅರ್ಧ ಸರಿ, ಹಾಗಾಗಿ ಅದನ್ನು ತಿದ್ದೋದೇ ಜಾಸ್ತಿ ಕಷ್ಟ. ಆ ಗುರುತಿಗೆ ಅಲ್ಲಿ ಅದರದ್ದೇ ಹೆಸರಿದೆ. ಮಂಜಿ. ನಮ್ಮ ಕರಾವಳಿಯವರು ಸರಕು ಸಾಗಿಸುವ ಹಾಯಿಹಡಗಿಗೆ ಹೇಳುವ ಮಂಜಿ ಬೇರೆ, ಇದು ಬೇರೆ.

ಸ್ವಸ್ತಿಕ ಅಂದರೇನು ಅಂತ ಕನ್ನಡದವರಿಗೆ ಬಿಡಿಸಿ ಹೇಳಬೇಕಿಲ್ಲ. ನಮ್ಮ ಎಷ್ಟೋ ಹಳೆಯ ಶಾಸನಗಳು ಶುರುವಾಗೋದೇ "ಸ್ವಸ್ತಿ" ಎಂದು. ಏಳನೇ ತೀರ್ಥಂಕರ ಸುಪಾರ್ಶ್ವನಾಥನ ಲಾಂಛನವೂ ಅದೇ. ಆದರೆ ಮಂಜಿ ಅನ್ನುವುದು 'ಸ್ವಸ್ತಿಕ' ಪದದ ಜಪಾನೀ ಉಚ್ಚಾರ ಅಲ್ಲ, ಅದರ ಅನುವಾದವೂ ಅಲ್ಲ. 'ಮನ್' ಎಂದರೆ ಹತ್ತು ಸಾವಿರ. 'ಜಿ' ಎಂದರೆ ಅಕ್ಷರ. ಎರಡೂ ಕೂಡಿ ಮಂಜಿ, ಹತ್ತು ಸಾವಿರದ ಅಕ್ಷರ.

ಈ ಹತ್ತು ಸಾವಿರ ಎಲ್ಲಿಂದ ಬಂತು? ಬುದ್ಧನ ಎದೆಯ ಮೇಲೆ ಒಂದು ಶುಭಲಕ್ಷಣ ಇತ್ತು ಅಂತ ಸಂಸ್ಕೃತದ ಬೌದ್ಧ ಗ್ರಂಥಗಳು ಹೇಳುತ್ತವೆ. ಅದಕ್ಕೆ ಅವು ಕೊಡುವ ಹೆಸರು ಶ್ರೀವತ್ಸ. ವಿಷ್ಣುವಿನ ಎದೆಯ ಮೇಲಿದೆ ಅಂತ ನಾವು ಕೇಳಿರುವ ಅದೇ ಶ್ರೀವತ್ಸ. ಈ ಗ್ರಂಥಗಳು ಚೀನಾಕ್ಕೆ ಹೋದಾಗ ಅನುವಾದಕರು ಅಲ್ಲಿ ಸ್ವಸ್ತಿಕದ ಆಕಾರವನ್ನೇ ಬರೆದರು. ಅದನ್ನು ಚೀನೀ ಭಾಷೆಯಲ್ಲಿ ಏನೆಂದು ಓದಬೇಕು ಅನ್ನುವುದರಲ್ಲಿ ಮಾತ್ರ ಅವರಿಗೆ ಒಮ್ಮತ ಇರಲಿಲ್ಲ. ಕುಮಾರಜೀವ, ಹ್ಯೂಯೆನ್ ತ್ಸಾಂಗ್ ಇಬ್ಬರೂ 'ಸದ್ಗುಣ' ಎನ್ನುವ ಅರ್ಥದ ಪದ ಹಾಕಿದರು. ಬೋಧಿರುಚಿ ಹಾಕಿದ್ದು 'ವಾನ್', ಅಂದರೆ ಹತ್ತು ಸಾವಿರ. ನಾವು 'ಸಾವಿರಾರು' ಅಂದಾಗ ಯಾರೂ ಎಣಿಸಲು ಕೂರುವುದಿಲ್ಲ, ಅಲ್ವಾ? ಅಲ್ಲಿಯೂ ಹಾಗೆಯೇ. ಎಣಿಕೆಗೆ ಸಿಗದಷ್ಟು ಪುಣ್ಯ ಒಂದೆಡೆ ಸೇರಿದ ಗುರುತು ಅಂತ ಅರ್ಥ. ಕೊನೆಗೆ 693ರಲ್ಲಿ ಸಾಮ್ರಾಜ್ಞಿ ವೂ ಜೆತಿಯಾನ್ ಈ ಗುರುತನ್ನು 'ವಾನ್' ಎಂದೇ ಓದಬೇಕು ಅಂತ ಅಪ್ಪಣೆ ಮಾಡಿದಳು ಎಂದು ಚೀನೀ ಬೌದ್ಧ ಪರಂಪರೆ ಹೇಳುತ್ತದೆ. ಅದೇ ಪದದ ಜಪಾನೀ ಉಚ್ಚಾರ 'ಮನ್'.

ಅಂದರೆ ಆಕಾರ ಸ್ವಸ್ತಿಕದ್ದು, ಅರ್ಥ ಶ್ರೀವತ್ಸದ್ದು, ಸದ್ದು ಒಂದು ಚೀನೀ ಸಂಖ್ಯೆಯದ್ದು. "ಇದು ನಮ್ಮ ಸ್ವಸ್ತಿಕ" ಅಂದಾಗ ಈ ಮೂರರಲ್ಲಿ ಒಂದನ್ನು ಮಾತ್ರ ನೋಡಿದ ಹಾಗಾಗುತ್ತದೆ. ನಡುವೆ ಚೀನಾದ ಅನುವಾದಕರು ಪಟ್ಟ ಶ್ರಮ ಅಷ್ಟೂ ಬಿಟ್ಟುಹೋಗುತ್ತದೆ.

ಇನ್ನೂ ಮುಖ್ಯವಾದದ್ದು, ಮಂಜಿ ಚಿತ್ರವಷ್ಟೇ ಅಲ್ಲ, ಅದು ಅಕ್ಷರ. ನಿಘಂಟಿನಲ್ಲಿ ಅದಕ್ಕೆ ಜಾಗ ಇದೆ. ಅದನ್ನು ಬರೆಯಲು ಆರು ಗೆರೆ ಬೇಕು ಅಂತ ಲೆಕ್ಕ ಇದೆ. ಯೂನಿಕೋಡ್ ಕೂಡ ಅದನ್ನು ಚೀನೀ ಲಿಪಿಯ ಅಕ್ಷರಗಳ ಜೊತೆಯಲ್ಲೇ ಇಟ್ಟಿದೆ. ಜಪಾನೀ ಫೋನಿನಲ್ಲಿ 'ಮಂಜಿ' ಎಂದು ಟೈಪ್ ಮಾಡಿದರೆ ಅದು ಬರುತ್ತದೆ. ಅದು ಅಕ್ಷರವಾದ್ದರಿಂದಲೇ ಯಾರ ಹೆಸರಾಗಿಯೂ ನಿಲ್ಲಬಲ್ಲದು. ಫ್ಯೂಜಿ ಪರ್ವತದ ಚಿತ್ರಗಳಿಂದ ಲೋಕಪ್ರಸಿದ್ಧನಾದ ಹೊಕುಸಾಯ್ 1834ರಿಂದ ತನ್ನ ಚಿತ್ರಗಳಿಗೆ "ಚಿತ್ರದ ಹುಚ್ಚು ಹಿಡಿದ ಮುದುಕ ಮಂಜಿ" ಎಂದು ಸಹಿ ಹಾಕುತ್ತಿದ್ದ. ಕುಸ್ತಿಪಟು ಆಂತೋನಿಯೋ ಇನೋಕಿಯ ಹೆಸರಾಂತ ಪಟ್ಟಿಗೆ ಜಪಾನೀ ಹೆಸರು ಮಂಜಿಗತಾಮೆ. ಎದುರಾಳಿಯ ಕೈಕಾಲಿಗೆ ತನ್ನ ಕೈಕಾಲು ಹೆಣೆದು ಹಿಡಿಯುವ ಪಟ್ಟು ಅದು. ಇವೆರಡರಲ್ಲೂ ಹಿಟ್ಲರ್ ಎಲ್ಲಿದ್ದಾನೆ?

ಇನ್ನು ದಿಕ್ಕಿನ ವಿಚಾರ. ಇದರಷ್ಟು ಬೇಸರ ತರಿಸುವ ಗೊಂದಲ ಬೇರೆ ಇಲ್ಲ. "ಎಡಕ್ಕೆ ತಿರುಗಿದ್ದರೆ ಬೌದ್ಧರದ್ದು, ಬಲಕ್ಕೆ ತಿರುಗಿದ್ದರೆ ನಾಜಿಗಳದ್ದು" ಎಂದು ಬರೆಯುವವರು ಮಂಜಿಯ ಪರವಾಗಿಯೇ ವಾದಿಸುತ್ತಿರುತ್ತಾರೆ. ಉದ್ದೇಶ ಒಳ್ಳೆಯದೇ. ಆದರೆ ಆ ನಿಯಮ ಒಪ್ಪಿದರೆ ಏನಾಗುತ್ತದೆ ನೋಡಿ. ದೀಪಾವಳಿಯಲ್ಲಿ ಅಂಗಡಿಯ ಲೆಕ್ಕದ ಪುಸ್ತಕದ ಮೊದಲ ಪುಟದಲ್ಲಿ ಕುಂಕುಮದಿಂದ ಬರೆಯುವ ಸ್ವಸ್ತಿಕ ಬಲಕ್ಕೆ ತಿರುಗಿದ್ದೇ. ಲಗ್ನಪತ್ರಿಕೆಯ ಮೇಲಿನದೂ ಸಾಮಾನ್ಯವಾಗಿ ಅದೇ. ಎಲ್ಲವೂ ನಾಜಿಗಳದ್ದಾಯಿತೇ? ಜಪಾನಿನ ದೇಗುಲಗಳಲ್ಲಿ ಇಂದು ಹೆಚ್ಚಾಗಿ ಕಾಣುವುದು ನಮ್ಮ ಸ್ವಸ್ತಿಕದ ಕನ್ನಡಿಬಿಂಬ, ನಿಜ. ಆದರೆ ಇನ್ನೊಂದು ದಿಕ್ಕಿನದ್ದಕ್ಕೂ ಅಲ್ಲಿ ಹೆಸರಿದೆ. ಎಡದ್ದು ಹಿದರಿಮಂಜಿ, ಬಲದ್ದು ಮಿಗಿಮಂಜಿ. ಎರಡೂ ಮಂಜಿಯೇ.

"ಓರೆಯಾಗಿದ್ದರೆ ನಾಜಿ" ಅನ್ನುವ ಇನ್ನೊಂದು ನಿಯಮವೂ ನಿಲ್ಲುವುದಿಲ್ಲ. ಅದಕ್ಕೆ ಸಾಕ್ಷಿ ಜಪಾನಿನ ರೇಷ್ಮೆಯಲ್ಲೇ ಇದೆ. ಕಿಮೋನೋಗೆ ಬಳಸುವ ರಿಂಜು ಎಂಬ ಬಟ್ಟೆಯಲ್ಲಿ ಸಾಯಗಾತ ಎನ್ನುವ ಹಳೆಯ ವಿನ್ಯಾಸವೊಂದಿದೆ. ದೂರದಿಂದ ಅದು ಒಂದೇ ಬಣ್ಣದ ಸಾದಾ ರೇಷ್ಮೆ. ಬಟ್ಟೆಯನ್ನು ಕೈಯಲ್ಲಿ ಹಿಡಿದು ಬೆಳಕಿಗೆ ಸ್ವಲ್ಪ ವಾಲಿಸಿದರೆ ನೇಯ್ಗೆಯ ಹೊಳಪಿನಲ್ಲಿ ಗೆರೆಗಳು ಮೂಡುತ್ತವೆ. ಒಂದು ಮಂಜಿಯ ತೋಳು ಮುಂದುವರಿದು ಪಕ್ಕದ ಮಂಜಿಯ ತೋಳಾಗುತ್ತದೆ. ಅದು ಹೀಗೆ ಕೊನೆಯಿಲ್ಲದೆ ಸಾಗುತ್ತದೆ. ಎಲ್ಲವೂ ಓರೆಯಾಗಿ ನಿಂತವು. ನಡುನಡುವೆ ಸೇವಂತಿಗೆ, ಆರ್ಕಿಡ್ ಹೂಗಳು. ಮಿಂಗ್ ಕಾಲದ ಚೀನಾದಿಂದ ಬಂದ ರೇಷ್ಮೆಯ ಮೂಲಕ ಬಳಕೆಗೆ ಬಂದ ಈ ವಿನ್ಯಾಸವನ್ನು ಇಂದಿಗೂ ಹೆಂಗಸರು ಶುಭಕಾರ್ಯಕ್ಕೆ ಉಡುತ್ತಾರೆ. ಮಂಜಿ ಫ್ಯಾಷನ್ನಿಗೆ ಬಂದದ್ದು ಅನಿಮೆಯಿಂದ ಅಲ್ಲ, ಮಗ್ಗದಿಂದ.

ಹಾಗಾದರೆ ನಾಜಿಗಳ ಗುರುತನ್ನು ಗುರುತಿಸೋದು ಹೇಗೆ? ದಿಕ್ಕಿನಿಂದಲೂ ಅಲ್ಲ, ಓರೆಯಿಂದಲೂ ಅಲ್ಲ. ಕೆಂಪು ನೆಲ, ಬಿಳಿ ವೃತ್ತ, ಅದರೊಳಗೆ ಕಪ್ಪು ಗುರುತು. 1920ರಲ್ಲಿ ಅದು ಆ ಪಕ್ಷದ ಬಾವುಟವಾಯಿತು, 1935ರಲ್ಲಿ ಜರ್ಮನಿಯ ಏಕೈಕ ರಾಷ್ಟ್ರಧ್ವಜವಾಯಿತು. ಜರ್ಮನ್ ಭಾಷೆಯಲ್ಲಿ ಅದರ ಹೆಸರು ಹಾಕೆನ್‌ಕ್ರಾಯ್ಟ್ಸ್, ಕೊಕ್ಕೆಯ ಶಿಲುಬೆ. ಜಪಾನೀ ಭಾಷೆಯಲ್ಲೂ ಅದಕ್ಕೆ ಈ ಜರ್ಮನ್ ಹೆಸರೇ ಬಳಕೆಯಲ್ಲಿದೆ. ಅವರ ಭಾಷೆಯಲ್ಲಿ ಇವು ಎರಡು ಬೇರೆ ಪದ, ಎರಡು ಬೇರೆ ವಸ್ತು. ಬೆರೆಸುತ್ತಿರುವವರು ಹೊರಗಿನವರು.

ಬೆರೆಸಿದ್ದರ ಪರಿಣಾಮ ಸಣ್ಣದಲ್ಲ. 1947ರಲ್ಲಿ ಶುರುವಾದ ಶೋರಿಂಜಿ ಕೆಂಪೋ ಎಂಬ ಸಮರಕಲೆಯವರು ಅಂಗಿಯ ಎದೆಯ ಮೇಲೆ ಮಂಜಿ ಧರಿಸುತ್ತಿದ್ದರು. ಅದು ಅವರಿಗೆ ಧರ್ಮದ ಗುರುತು. 2005ರಲ್ಲಿ ಅದನ್ನು ಬಿಟ್ಟು ಜೋಡಿ ವೃತ್ತದ ಹೊಸ ಚಿಹ್ನೆಗೆ ಬಂದರು. 1999ರಲ್ಲಿ ಪೋಕೆಮಾನ್ ಕಾರ್ಡೊಂದರಲ್ಲಿ ಮಂಜಿ ಇದ್ದದ್ದಕ್ಕೆ ಅಮೆರಿಕದ ಯಹೂದಿ ಸಂಘಟನೆಗಳು ದೂರು ಕೊಟ್ಟವು. ನಿಂಟೆಂಡೋ ಆ ಕಾರ್ಡು ನಿಲ್ಲಿಸಿತು. ಆ ನೋವು ಸುಳ್ಳಲ್ಲ. ಆ ಆಕಾರ ಕಂಡಾಗ ಎದೆ ಝಲ್ಲೆನ್ನುವ ಜನ ಇದ್ದಾರೆ, ಅವರ ಮನೆಗಳು ಉರಿದಿವೆ. ಅವರಿಗೆ ವಿವರಿಸಿ ಹೇಳುವ ತಾಳ್ಮೆ ಬೇಕು. ಆದರೆ ವಿವರಿಸುವುದು ಬೇರೆ, ಅಳಿಸುವುದು ಬೇರೆ.

ಎರಡೂ ನಡೆದಿವೆ. ಹಿರೋಆಕಿ ಸಾಮುರಾನ 'ಬ್ಲೇಡ್ ಆಫ್ ದಿ ಇಮ್ಮಾರ್ಟಲ್' ಎಂಬ ಮಂಗಾದ, ಅಂದರೆ ಜಪಾನೀ ಕಾಮಿಕ್ಸಿನ, ನಾಯಕನ ಹೆಸರೇ ಮಂಜಿ, ಬೆನ್ನ ಮೇಲೂ ಅದೇ ಗುರುತು. 1990ರ ದಶಕದಲ್ಲಿ ಅದನ್ನು ಇಂಗ್ಲಿಷಿಗೆ ತಂದ ಅಮೆರಿಕದ ಪ್ರಕಾಶಕರು ಗುರುತನ್ನು ಮುಟ್ಟಲಿಲ್ಲ. ಇದು ಏನು, ಏಕೆ ನಾಜಿಗಳದ್ದಲ್ಲ ಅಂತ ಪುಸ್ತಕದಲ್ಲೇ ಒಂದು ಟಿಪ್ಪಣಿ ಹಾಕಿದರು. ಓದುಗರನ್ನು ನಂಬಿದ ರೀತಿ ಅದು. 2021ರಲ್ಲಿ 'ಟೋಕಿಯೋ ರಿವೆಂಜರ್ಸ್' ಅನಿಮೆ ಬಂದಾಗ ಹೊರದೇಶದ ಆವೃತ್ತಿಯಲ್ಲಿ ಮಂಜಿಯನ್ನೇ ತೆಗೆದುಹಾಕಿದರು. ಇಲ್ಲಿ ಆದ ನಷ್ಟ ಎಂಥದ್ದು ಅಂತ ಹತ್ತಿರದಿಂದ ನೋಡಬೇಕು. ಕಥೆಯ ಗ್ಯಾಂಗಿನ ಹೆಸರು ತೋಕ್ಯೋ ಮಂಜಿಕಾಯ್. ಜಪಾನೀ ಲಿಪಿಯಲ್ಲಿ ಒಟ್ಟು ನಾಲ್ಕು ಅಕ್ಷರ. ಮೊದಲ ಎರಡು ತೋಕ್ಯೋ, ಕೊನೆಯದು ಸಂಘ, ಮೂರನೆಯದು ಮಂಜಿ. ಗ್ಯಾಂಗಿನ ಮುಖಂಡನ ಹೆಸರು ಮಂಜಿರೋ. ಗ್ಯಾಂಗಿನ ಹೆಸರಿಗೂ ಅವನ ಹೆಸರಿಗೂ ಇರುವ ಕೊಂಡಿ ಆ ಮೂರನೇ ಅಕ್ಷರ. ಅದನ್ನು ಅಳಿಸಿದರೆ ಅಲಂಕಾರ ಹೋಗುವುದಿಲ್ಲ, ಹೆಸರಿನ ನಡುವೆ ತೂತು ಬೀಳುತ್ತದೆ.

ಆ ಹುಡುಗರು ತೊಡುವ ಉದ್ದನೆಯ ಕೋಟಿಗೆ ತೊಕ್ಕೋಫುಕು ಎಂದು ಹೆಸರು. 1970, 80ರ ದಶಕದ ಬೊಸೊಝೋಕು ಬೈಕ್ ಗ್ಯಾಂಗುಗಳಿಂದ ಬಂದ ಉಡುಪು. ಬೆನ್ನು, ತೋಳಿನ ತುಂಬ ಕಸೂತಿ ಅಕ್ಷರ. ಕಷ್ಟದ, ಗೆರೆ ಜಾಸ್ತಿ ಇರುವ ಅಕ್ಷರವೇ ಬೇಕು, ಅದರಲ್ಲೇ ಗತ್ತು. ಆ ಗ್ಯಾಂಗುಗಳಲ್ಲಿ ಕೆಲವು ನಿಜವಾದ ನಾಜಿ ಗುರುತನ್ನೂ ಧರಿಸಿದ್ದವು. ಅದನ್ನು ಮುಚ್ಚಿಡಬೇಕಿಲ್ಲ. ಮಂಜಿಗೆ ಒಂದಿಷ್ಟು ಪುಂಡುತನದ ವಾಸನೆ ಅಂಟಿಕೊಂಡಿದ್ದು ಈ ಬೈಕ್ ಲೋಕದಿಂದಲೇ. 2016ರ ಆಸುಪಾಸಿನಲ್ಲಿ ಹೈಸ್ಕೂಲ್ ಹುಡುಗಿಯರ ಬಾಯಲ್ಲಿ 'ಮಾಜಿ ಮಂಜಿ' ಓಡಾಡಿತು. 'ಮಾಜಿ' ಅಂದರೆ ನಿಜಕ್ಕೂ. 'ಮಂಜಿ' ಇಲ್ಲಿ ಖುಷಿಗೋ ಜೋಶಿಗೋ ಸುಮ್ನೆ ಪ್ರಾಸಕ್ಕೋ ಸೇರಿದ್ದು. ಕೈಕಾಲು ಮಡಚಿ ಮಂಜಿ ಆಕಾರದಲ್ಲಿ ನಿಂತು ಫೋಟೋ ತೆಗೆಸಿಕೊಳ್ಳುವುದೂ ಇತ್ತು. ಅಷ್ಟೇ, ಅದಕ್ಕಿಂತ ಆಳ ಹುಡುಕಬೇಕಿಲ್ಲ.

ಧರ್ಮದ ಗುರುತನ್ನು ಧರ್ಮ ಬಿಟ್ಟು ಧರಿಸುವುದು ಜಪಾನಿಗೆ ಹೊಸದೂ ಅಲ್ಲ. ಗೋವಾದಿಂದ ಹೊರಟ ಫ್ರಾನ್ಸಿಸ್ ಝೇವಿಯರ್ 1549ರಲ್ಲಿ ಕಗೋಷಿಮಾ ತಲುಪಿದರು. ಪೋರ್ಚುಗೀಸರ 'ಕ್ರೂಜ್' ಮಂಗಳೂರಿನ ಕೊಂಕಣಿಯಲ್ಲಿ 'ಖುರಿಸ್' ಆದ ಹಾಗೆ ಜಪಾನಿನಲ್ಲಿ 'ಕುರುಸು' ಆಯಿತು. ಕ್ರೈಸ್ತರಲ್ಲದ ಕುಲೀನರೂ ಜಪಮಾಲೆ, ಶಿಲುಬೆ ತೂಗಿಸಿಕೊಂಡು ಓಡಾಡುತ್ತಾರೆ ಅಂತ ಜೆಸ್ವಿಟ್ ಪಾದ್ರಿ ಫ್ರಾನ್ಸೆಸ್ಕೊ ಪಾಸಿಯೊ 1594ರ ಪತ್ರದಲ್ಲಿ ಬರೆದಿದ್ದಾರೆ. ಅದಾಗಿ ಮೂರೇ ವರ್ಷಕ್ಕೆ ನಾಗಸಾಕಿಯಲ್ಲಿ 26 ಕ್ರೈಸ್ತರನ್ನು ಶಿಲುಬೆಗೆ ಏರಿಸಿದರು. ಇಂದು ಟೋಕಿಯೋದ ಫ್ಯಾಷನ್ ಬಡಾವಣೆ ಹರಾಜುಕುವಿನಲ್ಲಿ ಹಳೆಯ ಕಾಲದ ಗೊಂಬೆಯ ಹಾಗೆ ಉಡುವ ಗಾಥಿಕ್ ಲೋಲಿತಾ ಹುಡುಗಿಯರ, ಭಾರಿ ಮೇಕಪ್ಪು-ವೇಷದ ವಿಷುವಲ್ ಕೇ ರಾಕ್ ಬ್ಯಾಂಡುಗಳ ಕೊರಳಲ್ಲಿ ತೂಗುವ ಶಿಲುಬೆಗೆ ಯುರೋಪಿನ ಹಳೆಯ ಚರ್ಚುಗಳ ಮೋಹವೇ ಕಾರಣ, ಭಕ್ತಿ ಅಲ್ಲ. ಭಕ್ತರಿಗೆ ಅದು ಚುಚ್ಚಿದರೆ ಆಶ್ಚರ್ಯವಿಲ್ಲ.

ನಿಜವಾಗಿ ತಕರಾರು ಎತ್ತಬೇಕಾದದ್ದು ಬೇರೆ ಕಡೆ ಇದೆ. 2011ರಲ್ಲಿ ಜಪಾನಿನ ಕಿಶಿದಾನ್ ರಾಕ್ ಬ್ಯಾಂಡ್ ಟಿವಿ ಕಾರ್ಯಕ್ರಮವೊಂದಕ್ಕೆ ಹಿಟ್ಲರನ ಎಸ್‌ಎಸ್ ಪಡೆಯ ಸಮವಸ್ತ್ರ ಹೋಲುವ ಉಡುಪಿನಲ್ಲಿ ಬಂತು. 2016ರ ಹ್ಯಾಲೋವೀನ್ ಕಾರ್ಯಕ್ರಮದಲ್ಲಿ ಕೆಯಾಕಿಝಾಕಾ46 ಎಂಬ ಪಾಪ್ ಗಾಯನ ತಂಡದ ಹುಡುಗಿಯರಿಗೆ ನಾಜಿ ಶೈಲಿಯ ಕಪ್ಪು ಉಡುಪು, ಹದ್ದಿನ ಲಾಂಛನದ ಟೋಪಿ ತೊಡಿಸಿದ್ದರು. ಎರಡು ಸಲವೂ ಯಹೂದಿ ಸಂಘಟನೆಯಾದ ಸೈಮನ್ ವೀಸೆಂತಾಲ್ ಸೆಂಟರ್ ಪ್ರತಿಭಟಿಸಿತು, ಎರಡು ಸಲವೂ ಸೋನಿ ಮ್ಯೂಸಿಕ್ ಕ್ಷಮೆ ಕೇಳಿತು. ಕೇಳಲೇಬೇಕಿತ್ತು. ಇದೇ ಸುದ್ದಿಯನ್ನು "ಜಪಾನಿನಲ್ಲಿ ಮತ್ತೆ ಸ್ವಸ್ತಿಕ ವಿವಾದ" ಎಂದು ಬರೆಯುವುದು ಯಹೂದಿಗಳಿಗೂ ಅನ್ಯಾಯ, ಬೌದ್ಧರಿಗೂ ಅನ್ಯಾಯ. ಹುಡುಗಿಯರ ಆ ಉಡುಪಿನಲ್ಲಿ ಮಂಜಿ ಇರಲಿಲ್ಲ.