ಪೈಪ್ ಹಾಕಿದ ಮೇಲೂ ಪಕ್ಕದಿಂದ ಮೂತ್ರ ಸೋರುತ್ತಿದೆ, ದಪ್ಪದ್ದು ಹಾಕಿಸಬೇಕೆ?

ಪ್ರಶ್ನೆ: ನಮ್ಮ ಅಪ್ಪಯ್ಯನಿಗೆ 79 ವರ್ಷ. ಊರು ಕುಮಟಾ ಹತ್ತಿರ. ಮಳೆಗಾಲದ ಶುರುವಿಗೆ ನೆಗಡಿಯಾಗಿ ಅಂಗಡಿಯಿಂದ ಮಾತ್ರೆ ತಂದು ಕೊಟ್ಟಿದ್ದೆವು. ಎರಡು ದಿನದಲ್ಲಿ ಮೂತ್ರ ಕಟ್ಟಿಕೊಂಡಿತು. ಆಸ್ಪತ್ರೆಯಲ್ಲಿ ಪೈಪ್ ಹಾಕಿ, ಚೀಲ ಕಟ್ಟಿ ಕಳಿಸಿದರು. ಈಗ ಮೂರು ವಾರವಾಯಿತು. ಪೈಪಿನ ಪಕ್ಕದಿಂದ ಸೋರಿ ಪಂಚೆಯೆಲ್ಲ ಒದ್ದೆಯಾಗುತ್ತದೆ. ದಪ್ಪದ ಪೈಪ್ ಹಾಕಿಸಬೇಕೆ? ಇನ್ನು ಇದೇ ಕಾಯಂ ಆಯಿತೆ?

ಉತ್ತರ: ದಪ್ಪದ ಪೈಪ್ ಬೇಡ. ಕಾಯಂ ಆಗಬೇಕಾಗಿಯೂ ಇಲ್ಲ. ಆದರೆ ಮೊದಲು ಈ ಕ್ಷಣ ಒಂದು ವಿಷಯ ನೋಡಿಬಿಡಿ: ಚೀಲಕ್ಕೆ ಮೂತ್ರ ಇಳಿಯುತ್ತಿದೆಯೆ?

ಎರಡು ಮೂರು ತಾಸಿನಿಂದ ಚೀಲಕ್ಕೆ ಒಂದು ಹನಿಯೂ ಬಿದ್ದಿಲ್ಲ, ಹೊಕ್ಕುಳ ಕೆಳಗೆ ಹೊಟ್ಟೆ ಬಿಗಿದು ಉಬ್ಬಿದೆ, ಬರುವುದೆಲ್ಲ ಪಕ್ಕದಿಂದಲೇ ಎಂದಾದರೆ ಪೈಪಿನೊಳಗೆ ಕೊಳೆಯೋ ರಕ್ತದ ಗಂಟೋ ಸಿಕ್ಕಿಕೊಂಡಿದೆ. ಪೈಪ್ ಎಲ್ಲೂ ಮಡಚಿಲ್ಲ, ಮೈಕೆಳಗೆ ಒತ್ತಿಕೊಂಡಿಲ್ಲ ಎಂದು ನೋಡಿಕೊಂಡು ತಕ್ಷಣ ಹತ್ತಿರದ ತಾಲೂಕು ಆಸ್ಪತ್ರೆಗೆ ಹೊರಡಿ. ಇದಕ್ಕೆ ಮೂತ್ರಾಂಗದ ತಜ್ಞರೇ ಬೇಕೆಂದಿಲ್ಲ, ಪೈಪ್ ಬದಲಿಸಲು ಬಲ್ಲ ವೈದ್ಯರೋ ನರ್ಸೋ ಸಾಕು.

ಚೀಲವೂ ತುಂಬುತ್ತಿದೆ, ಪಕ್ಕದಿಂದಲೂ ಸೋರುತ್ತಿದೆ ಎಂದಾದರೆ ಸಂಗತಿ ಬೇರೆ. ಪೈಪಿನ ತುದಿಯಲ್ಲಿ ಒಂದು ಸಣ್ಣ ಬಲೂನು ಇರುತ್ತದೆ. ಸಾಮಾನ್ಯವಾಗಿ 10 ಮಿ.ಲೀ. ಶುದ್ಧ ನೀರು ತುಂಬಿ ಅದನ್ನು ಮೂತ್ರಕೋಶದೊಳಗೆ ನಿಲ್ಲಿಸುತ್ತಾರೆ. ಮೂತ್ರಕೋಶ ಅದನ್ನು ಹೊರಗಿನ ವಸ್ತು ಎಂದು ತಿಳಿದು ಆಗಾಗ ಹಿಂಡಿಕೊಳ್ಳುತ್ತದೆ. ಹಾಗೆ ಹಿಂಡಿದ ರಭಸಕ್ಕೆ ಮೂತ್ರ ಪೈಪನ್ನು ಬಿಟ್ಟು ಪಕ್ಕದಿಂದ ಚಿಮ್ಮುತ್ತದೆ. ಅಂದರೆ ಸೋರಿಕೆ ಪೈಪ್ ಸಣ್ಣದಾದ್ದರಿಂದ ಅಲ್ಲ. ದಪ್ಪದ್ದು ಹಾಕಿದರೆ, ಬಲೂನಿಗೆ ಇನ್ನಷ್ಟು ನೀರು ತುಂಬಿದರೆ, ಕೆರಳುವುದು ಹೆಚ್ಚಾಗಿ ಸೋರಿಕೆಯೂ ಹೆಚ್ಚುತ್ತದೆ. ಪೈಪಿನ ದಪ್ಪವನ್ನು ನಂಬರಿನಲ್ಲಿ ಹೇಳುತ್ತಾರೆ, ಗಂಡಸರಿಗೆ 14 ಅಥವಾ 16 ನಂಬರ್ ಸಾಕು.

ಹೀಗೆ ಕೆರಳಿಸುವುದರಲ್ಲಿ ಮೊದಲನೆಯದು ಮಲಬದ್ಧತೆ. ಗುದನಾಳದಲ್ಲಿ ಗಟ್ಟಿಯಾಗಿ ಕೂತ ಮಲ ಮೂತ್ರಕೋಶವನ್ನು ಹಿಂದಿನಿಂದ ಒತ್ತುತ್ತದೆ. ಹಾಸಿಗೆ ಹಿಡಿದ ಹಿರಿಯರಲ್ಲಿ ಇದನ್ನು ಯಾರೂ ಕೇಳುವುದೇ ಇಲ್ಲ. ದಿನವೂ ಹೊಟ್ಟೆ ಸಲೀಸಾಗಿ ಹೋದರೆ ಎಷ್ಟೋ ಜನರಲ್ಲಿ ಸೋರಿಕೆ ತಾನಾಗಿ ಕಡಿಮೆಯಾಗುತ್ತದೆ. ಎರಡನೆಯದು ಜಗ್ಗಾಟ. ಚೀಲದ ಭಾರ ನೇರವಾಗಿ ಪೈಪನ್ನು ಎಳೆಯಬಾರದು. ಪೈಪನ್ನು ತೊಡೆಯ ಮೇಲ್ಭಾಗಕ್ಕೆ ಅಥವಾ ಕಿಬ್ಬೊಟ್ಟೆಗೆ ಅಂಟುಪಟ್ಟಿಯಿಂದ ಸ್ವಲ್ಪ ಸಡಿಲ ಬಿಟ್ಟು ಅಂಟಿಸಿ, ಎರಡು ದಿನಕ್ಕೊಮ್ಮೆ ಜಾಗ ಬದಲಿಸಿ. ವಾರಗಟ್ಟಲೆ ಒಂದೇ ಕಡೆಗೆ ಎಳೆದರೆ ಮೂತ್ರದ್ವಾರದ ಚರ್ಮವೇ ಸೀಳಿಕೊಂಡು ಬರುತ್ತದೆ.

ಮೂರನೆಯದು ಮಲಗುವ ರೀತಿ. ನಮ್ಮ ಕರಾವಳಿಯ ಮನೆಗಳಲ್ಲಿ ಹಿರಿಯರು ಚಾಪೆ ಹಾಸಿ ನೆಲದ ಮೇಲೇ ಮಲಗುವುದು ರೂಢಿ. ಆಗ ಚೀಲವೂ ಪಕ್ಕದಲ್ಲೇ ನೆಲದ ಮೇಲೆ ಬಿದ್ದಿರುತ್ತದೆ, ಮೂತ್ರಕ್ಕೆ ಇಳಿಜಾರು ಸಿಗುವುದಿಲ್ಲ. ಪೈಪ್ ಇರುವಷ್ಟು ದಿನ ಮಂಚ ಬೇಕೇ ಬೇಕು. ಚೀಲವನ್ನು ಮಂಚದ ಪಟ್ಟಿಗೆ, ಮೂತ್ರಕೋಶಕ್ಕಿಂತ ಕೆಳಗೆ, ನೆಲ ಮುಟ್ಟದಂತೆ ಕೊಕ್ಕೆಯಿಂದ ತೂಗುಹಾಕಿ. ಬಚ್ಚಲಿಗೆ ಹೋಗುವಾಗ ಚೀಲವನ್ನು ಹೆಗಲಿಗೇರಿಸಿ ನಡೆಸುತ್ತಾರೆ, ಅದೂ ತಪ್ಪು. ಚೀಲದ ಮೂತ್ರ ಸೋಂಕನ್ನು ಹೊತ್ತು ಒಳಗೆ ವಾಪಸಾಗಬಹುದು. ಮೊಣಕಾಲಿನ ಮಟ್ಟದಲ್ಲಿ ಕೈಯಲ್ಲಿ ಹಿಡಿದು ನಡೆಯಲಿ.

2 ಲೀಟರಿನ ಚೀಲ ಮುಕ್ಕಾಲು ತುಂಬುವ ಮೊದಲೇ ಖಾಲಿ ಮಾಡಿ. ಕೈ ತೊಳೆದು, ಕೆಳಗಿನ ನಳ ತೆರೆದು, ಅದರ ತುದಿ ಪಾತ್ರೆಗೆ ತಾಗದಂತೆ ಬಿಡಿ, ಮುಚ್ಚಿ ಒರೆಸಿ. ಪೈಪು ಮತ್ತು ಚೀಲದ ಜೋಡಣೆಯನ್ನು ಸುಮ್ಮನೆ ಬಿಚ್ಚಬೇಡಿ, ಸೋಂಕು ಒಳಹೋಗುವ ದೊಡ್ಡ ಬಾಗಿಲು ಅದೇ. ದಿನಕ್ಕೆ ಎರಡು ಸಲ ಸಾದಾ ಸೋಪು ನೀರಿನಿಂದ ಮೂತ್ರದ್ವಾರದ ಸುತ್ತ ತೊಳೆದರೆ ಸಾಕು. ಡೆಟಾಲ್, ಪೌಡರ್ ಬೇಡ. ತೆಂಗಿನೆಣ್ಣೆಯೂ ಬೇಡ, ಎಣ್ಣೆ ತಾಗಿದರೆ ರಬ್ಬರ್ ಹಾಳಾಗುತ್ತದೆ. ತೊಳೆಯಲು ಮುಂದೊಗಲನ್ನು ಹಿಂದಕ್ಕೆ ಸರಿಸಿದರೆ ಮರೆಯದೆ ಮುಂದಕ್ಕೆ ತನ್ನಿ. ಹಾಗೇ ಬಿಟ್ಟರೆ ಕೆಲವೇ ತಾಸಿನಲ್ಲಿ ತುದಿ ಬಾತು ಇನ್ನೊಂದು ತುರ್ತು ಸ್ಥಿತಿಯಾಗುತ್ತದೆ.

ಇನ್ನು ಸೋಂಕಿನ ಮಾತು. ಪೈಪ್ ಹಾಕಿ ಮೂರ್ನಾಲ್ಕು ವಾರವಾದ ಬಹುತೇಕ ಎಲ್ಲರ ಮೂತ್ರದಲ್ಲೂ ಬ್ಯಾಕ್ಟೀರಿಯಾ ಇರುತ್ತದೆ. ಮೂತ್ರ ಕಲಕಿದೆ, ವಾಸನೆ ಬಂದಿದೆ, ರಿಪೋರ್ಟಿನಲ್ಲಿ ಕೀವುಕಣ ಇದೆ ಎಂದ ಮಾತ್ರಕ್ಕೆ ಆಂಟಿಬಯೋಟಿಕ್ ಬೇಡ. ಸುಮ್ಮನೆ ಕೊಟ್ಟರೆ ಮುಂದೆ ನಿಜವಾಗಿ ಬೇಕಾದಾಗ ಯಾವ ಔಷಧಿಯೂ ನಾಟದ ಕ್ರಿಮಿ ಉಳಿಯುತ್ತದೆ. ಚಳಿ ನಡುಕದ ಜ್ವರ, ಕಿಬ್ಬೊಟ್ಟೆ ಅಥವಾ ಸೊಂಟದ ಪಕ್ಕ ಹೊಸ ನೋವು, ಇದ್ದಕ್ಕಿದ್ದಂತೆ ಮಂಪರು ಅಥವಾ ಗೊಂದಲದ ಮಾತು ಕಂಡರೆ ಮಾತ್ರ ತಡಮಾಡದೆ ಆಸ್ಪತ್ರೆಗೆ ಕರೆದೊಯ್ಯಿರಿ. ಹಿರಿಯರಲ್ಲಿ ಜ್ವರವಿಲ್ಲದೆಯೂ ಸೋಂಕು ಏರಬಹುದು. ಮನೆಯವರನ್ನೇ ಗುರುತಿಸದಂತಾದರೆ ಅದನ್ನು "ವಯಸ್ಸಾಯಿತು" ಎಂದು ತಳ್ಳಿಹಾಕಬೇಡಿ. ಗೊಂದಲದಲ್ಲಿ ಪೈಪನ್ನು ಕಿತ್ತುಕೊಳ್ಳುವವರೂ ಇದ್ದಾರೆ. ಬಲೂನು ಉಬ್ಬಿದ ಹಾಗೇ ಎಳೆದರೆ ಒಳಗೆಲ್ಲ ಗಾಯವಾಗಿ ರಕ್ತ ಸುರಿಯುತ್ತದೆ. ಹಾಗಾದರೆ ಮನೆಯಲ್ಲಿ ಮತ್ತೆ ಹಾಕುವ ಪ್ರಯತ್ನ ಬೇಡ.

ನೀರು ಎಷ್ಟು? ಹೃದಯದ ತೊಂದರೆಯಿಲ್ಲದಿದ್ದರೆ ದಿನಕ್ಕೆ ಒಂದೂವರೆಯಿಂದ 2 ಲೀಟರ್. ಗಂಜಿ, ಮಜ್ಜಿಗೆ ಎಲ್ಲ ಲೆಕ್ಕಕ್ಕೆ ಬರುತ್ತದೆ. ಮೂತ್ರದ ತೊಂದರೆ ಎಂದರೆ ಉಷ್ಣ, ಉಷ್ಣ ಎಂದರೆ ಎಳನೀರು ಎಂಬುದು ನಮ್ಮಲ್ಲಿ ಪ್ರತಿ ಮನೆಯ ಮಾತು. ಆದರೆ ಮೂತ್ರ ಕಟ್ಟಿಕೊಂಡಾಗ ಕಿಡ್ನಿಗೂ ಪೆಟ್ಟು ಬಿದ್ದಿರಬಹುದು, ಎಳನೀರಿನಲ್ಲಿ ಪೊಟ್ಯಾಸಿಯಂ ಹೆಚ್ಚು. ಕಿಡ್ನಿಯ ಕೆಲಸ ತಿಳಿಸುವ ರಕ್ತಪರೀಕ್ಷೆಯ ಅಂಕಿ ಕ್ರಿಯೇಟಿನಿನ್ ಏರಿದ್ದರೆ ವೈದ್ಯರನ್ನು ಕೇಳದೆ ಕೊಡಬೇಡಿ.

ಈಗ ನಿಮ್ಮ ಎರಡನೆಯ ಪ್ರಶ್ನೆ, ಮುಖ್ಯವಾದದ್ದೂ ಅದೇ. ನೆಗಡಿ ಮಾತ್ರೆಯ ಪಟ್ಟಿಯನ್ನು ಹುಡುಕಿ ತೆಗೆಯಿರಿ. ಅದರಲ್ಲಿ ಕ್ಲೋರ್‌ಫೆನಿರಮೈನ್, ಫಿನೈಲೆಫ್ರಿನ್ ಎಂದು ಬರೆದಿರುವುದು ಸಾಮಾನ್ಯ. ಮೊದಲನೆಯದು ಮೂತ್ರಕೋಶದ ಹಿಂಡುವ ಶಕ್ತಿ ಕುಗ್ಗಿಸುತ್ತದೆ, ಎರಡನೆಯದು ಅದರ ಕುತ್ತಿಗೆಯನ್ನು ಬಿಗಿಯುತ್ತದೆ. ಮೂತ್ರಕೋಶದ ಕೆಳಗೆ ಮೂತ್ರನಾಳವನ್ನು ಸುತ್ತುವರಿದ ಪ್ರಾಸ್ಟೇಟ್ ಗ್ರಂಥಿ ಮೊದಲೇ ದೊಡ್ಡದಾಗಿರುವ ಹಿರಿಯರಿಗೆ ಎರಡೂ ಒಟ್ಟಿಗೆ ಸೇರಿದರೆ ಮೂತ್ರ ಕಟ್ಟಲು ಬೇರೇನೂ ಬೇಡ. ಹೀಗೆ ಮಾತ್ರೆಯಿಂದಲೋ ಮಲಬದ್ಧತೆಯಿಂದಲೋ ಕಟ್ಟಿಕೊಂಡದ್ದಾದರೆ, ಕಾರಣ ತೆಗೆದ ಮೇಲೆ ಪೈಪ್ ಇಲ್ಲದೆ ಮೂತ್ರ ಮಾಡುವ ಸಾಧ್ಯತೆ ಚೆನ್ನಾಗಿಯೇ ಇದೆ.

ಸಾಮಾನ್ಯವಾಗಿ ಟಾಮ್‌ಸುಲೋಸಿನ್ 0.4 ಮಿ.ಗ್ರಾಂ. ಮಾತ್ರೆಯನ್ನು (ಮೂತ್ರಕೋಶದ ಕುತ್ತಿಗೆಯನ್ನು ಸಡಿಲಿಸುವ ಔಷಧಿ) ಊಟದ ನಂತರ ದಿನಕ್ಕೊಂದರಂತೆ ಕನಿಷ್ಠ ಎರಡು ಮೂರು ದಿನ ಕೊಟ್ಟು, ಒಂದು ವಾರದೊಳಗೆ ಪೈಪ್ ತೆಗೆದು ನೋಡುತ್ತಾರೆ. ನಿಮ್ಮಲ್ಲಿ ಮೂರು ವಾರ ಕಳೆದಿದೆ, ಈ ಪರೀಕ್ಷೆಯ ದಿನಾಂಕವನ್ನು ಯಾರೂ ಹೇಳಿಲ್ಲದಿದ್ದರೆ ನೀವೇ ಕೇಳಿ. ಹಳದಿ ರಬ್ಬರಿನ ಪೈಪ್ ಆದರೆ ಬದಲಿಸುವ ಹೊತ್ತೂ ಬಂದಿದೆ, ಅದರ ಆಯುಷ್ಯ ಎರಡರಿಂದ ನಾಲ್ಕು ವಾರ. ಪೂರ್ತಿ ಸಿಲಿಕೋನಿನದು 12 ವಾರದವರೆಗೆ ಬರುತ್ತದೆ. ಟಾಮ್‌ಸುಲೋಸಿನ್ ಮಾತ್ರೆ ತಿನ್ನುವವರು ಎದ್ದ ಕೂಡಲೇ ನಿಂತರೆ ತಲೆಸುತ್ತಿ ಬೀಳಬಹುದು, ಮಂಚದ ಅಂಚಿನಲ್ಲಿ ಒಂದು ನಿಮಿಷ ಕೂತು ಏಳಲಿ. ಮುಂದೆ ಕಣ್ಣಿನ ಪೊರೆಯ ಆಪರೇಷನ್ ಇದ್ದರೆ ಕಣ್ಣಿನ ವೈದ್ಯರಿಗೆ ಈ ಮಾತ್ರೆಯ ಹೆಸರು ಹೇಳಲೇಬೇಕು, ಇದರಿಂದ ಕಣ್ಣಿನ ಪಾಪೆಯ ಸುತ್ತಲಿನ ಬಣ್ಣದ ಪರದೆ ಸಡಿಲವಾಗಿ ಶಸ್ತ್ರಚಿಕಿತ್ಸೆ ತೊಡಕಾಗುತ್ತದೆ.

ಪೈಪಿಗೆ ಕ್ಲಿಪ್ ಹಾಕಿ ಮೂತ್ರಕೋಶಕ್ಕೆ "ಅಭ್ಯಾಸ" ಮಾಡಿಸುವ ಅಗತ್ಯವಿಲ್ಲ. ಪರೀಕ್ಷೆಗೆ ಮುಂಚಿನ ಎರಡು ಮೂರು ದಿನ ಹೊಟ್ಟೆ ಸರಿಯಾಗಿ ಹೋಗಿರಬೇಕು. ಬೆಳಿಗ್ಗೆಯೇ ಪೈಪ್ ತೆಗೆಸಿ, ತಾಸಿಗೊಂದು ಲೋಟದಂತೆ ನೀರು ಕುಡಿಸಿ, ಪ್ರತಿ ಸಲ ಎಷ್ಟು ಮಿ.ಲೀ. ಹೋಯಿತೆಂದು ಅಳತೆಯ ಪಾತ್ರೆಯಲ್ಲಿ ಹಿಡಿದು ಬರೆದಿಡಿ. ಆಮೇಲೆ ಸ್ಕ್ಯಾನ್ ಮಾಡಿ ಒಳಗೆ ಎಷ್ಟು ಉಳಿದಿದೆ ಎಂದು ನೋಡುತ್ತಾರೆ. 100–150 ಮಿ.ಲೀ. ಒಳಗಿದ್ದರೆ ಸಮಾಧಾನ, 300 ದಾಟಿದರೆ ಮತ್ತೆ ಪೈಪ್ ಬೇಕಾಗಬಹುದು. ಎರಡು ಮೂರು ಸಲ ಸರಿಯಾಗಿ ಮೂತ್ರ ಹೋಗುವವರೆಗೆ ಊರಿಗೆ ಹೊರಡಬೇಡಿ. ಹುಬ್ಬಳ್ಳಿಗೋ ಮಣಿಪಾಲಕ್ಕೋ ಹೋಗಿ ತೆಗೆಸಿಕೊಂಡವರು ಸಂಜೆಯ ಬಸ್ಸಿಗೆ ಆತುರಪಟ್ಟು ಹೊರಟರೆ, ನಡುದಾರಿಯಲ್ಲಿ ಮೂತ್ರ ಕಟ್ಟಿದಾಗ ಮಾಡುವುದೇನು?

ಮೊದಲ ಸಲ ಆಗದಿದ್ದರೆ ಒಂದೆರಡು ವಾರ ಬಿಟ್ಟು ಇನ್ನೊಮ್ಮೆ ನೋಡಬಹುದು. ಆಗಲೂ ಆಗದಿದ್ದರೆ ಪ್ರಾಸ್ಟೇಟ್ ಶಸ್ತ್ರಚಿಕಿತ್ಸೆಯ ಮಾತು ಬರುತ್ತದೆ. 79 ಎಂಬ ವಯಸ್ಸೊಂದೇ ಅದಕ್ಕೆ ಅಡ್ಡಿಯಲ್ಲ. ಹೃದಯ, ಶ್ವಾಸಕೋಶ, ಓಡಾಡುವ ಶಕ್ತಿ, ರಕ್ತ ತೆಳು ಮಾಡುವ ಮಾತ್ರೆ, ಇವನ್ನು ನೋಡಿ ನಿರ್ಧರಿಸುತ್ತಾರೆ. ಮೂತ್ರ ಕಟ್ಟಿದ ದಿನವೇ ಪಿಎಸ್‌ಎ (ಪ್ರಾಸ್ಟೇಟ್ ತೊಂದರೆ ಸೂಚಿಸುವ) ರಕ್ತಪರೀಕ್ಷೆ ಮಾಡಿಸಿ ಅಂಕಿ ಹೆಚ್ಚು ಬಂದಿದ್ದರೆ ಕ್ಯಾನ್ಸರ್ ಎಂದು ಗಾಬರಿಯಾಗಬೇಡಿ. ಮೂತ್ರ ಕಟ್ಟುವುದರಿಂದ, ಪೈಪಿನಿಂದ, ಸೋಂಕಿನಿಂದಲೂ ಅದು ಏರುತ್ತದೆ. ಸುಮಾರು ಆರು ವಾರ ಬಿಟ್ಟು ಮತ್ತೆ ಮಾಡಿಸಿ.

ಮಳೆಗಾಲ ಮುಗಿಯುವವರೆಗೆ ಒಂದು ಜಾಗ್ರತೆ. 2024ರ ಜುಲೈ 16ರಂದು ಅಂಕೋಲಾ ತಾಲೂಕಿನ ಶಿರೂರಿನಲ್ಲಿ ಗುಡ್ಡ ಕುಸಿದು ಹೆದ್ದಾರಿ ದಿನಗಟ್ಟಲೆ ಮುಚ್ಚಿತ್ತು. ಅಂಥ ದಿನ ಪೈಪ್ ಕಟ್ಟಿಕೊಂಡರೆ ದೂರದ ಆಸ್ಪತ್ರೆ ಸಿಗುವುದಿಲ್ಲ. ಅದೇ ನಂಬರಿನ ಪೈಪ್, ಒಂದು ಚೀಲ, ಮರಗಟ್ಟಿಸುವ 2 ಶೇಕಡಾ ಲಿಗ್ನೋಕೇನ್ ಜೆಲ್ಲಿ, 10 ಮಿ.ಲೀ.ಯ ಎರಡು ಸಿರಿಂಜ್, ಶುದ್ಧ ನೀರಿನ ಆಂಪೂಲ್, ಇಷ್ಟನ್ನು, ಪೈಪ್ ಬದಲಿಸಲು ಬಲ್ಲವರ ಕೈಗೆ ಕೊಡಲೆಂದು, ಒಂದು ಡಬ್ಬಿಯಲ್ಲಿ ಹಾಕಿ ಒಣಗಿದ ಜಾಗದಲ್ಲಿಡಿ. ನಿಮ್ಮ ಹತ್ತಿರದ ಸರಕಾರಿ ಆಸ್ಪತ್ರೆಯಲ್ಲಿ ರಾತ್ರಿ ಪೈಪ್ ಬದಲಿಸುವವರು ಇರುತ್ತಾರೆಯೆ ಎಂದು ಈಗಲೇ ವಿಚಾರಿಸಿಟ್ಟುಕೊಳ್ಳಿ. ಪೈಪಿನ ನಂಬರ್, ಬಲೂನಿಗೆ ಹಾಕಿದ ನೀರಿನ ಅಳತೆ, ಹಾಕಿದ ದಿನ, ಈ ಮೂರನ್ನು ಒಂದು ಚೀಟಿಯಲ್ಲಿ ಬರೆದು ಅದೇ ಡಬ್ಬಿಯ ಮುಚ್ಚಳಕ್ಕೆ ಅಂಟಿಸಿ.