ಹಳೆಯ ಸಿಎನ್‌ಸಿ ಯಂತ್ರಕ್ಕೆ ಹೊಸ ಡ್ರೈವ್: ಮೋಟಾರು ಬದಲಿಸುವ ಮುನ್ನ

ಹಳೆಯ ಸಿಎನ್‌ಸಿ (ಕಂಪ್ಯೂಟರ್ ನಿಯಂತ್ರಿತ) ಯಂತ್ರದ ಕಂಟ್ರೋಲರ್ ಕೆಟ್ಟು, ಅದರ ಕಾರ್ಡುಗಳು ಎಲ್ಲಿಯೂ ಸಿಗದಂತಾದಾಗ ಮಾಲೀಕರು ಮೊದಲು ಕೇಳುವುದು ಅಕ್ಷಗಳನ್ನು ನಿಖರವಾಗಿ ಚಲಿಸುವ ಸರ್ವೋ ಮೋಟಾರುಗಳನ್ನೂ ಬದಲಿಸಬೇಕೇ ಎಂದು. ಬಹುಪಾಲು ಸಲ ನನ್ನ ಉತ್ತರ ಬೇಡ ಎಂದೇ ಇರುತ್ತದೆ. 1970 ಮತ್ತು 80ರ ದಶಕಗಳ ಯಂತ್ರಗಳಲ್ಲಿ ಕಾಣುವ ಬ್ರಷ್ ಇರುವ ಡಿಸಿ ಸರ್ವೋ ಮೋಟಾರುಗಳು ಕಡಿಮೆ ವೇಗದಲ್ಲಿಯೂ ಒಳ್ಳೆಯ ಟಾರ್ಕ್ (ತಿರುಗಿಸುವ ಬಲ) ಕೊಡುತ್ತವೆ, ಅವುಗಳ ರೋಟರಿನ ಜಡತ್ವವೂ ಆ ಅಕ್ಷದ ಭಾರಕ್ಕೆ ಹೊಂದುವಂತಿರುತ್ತದೆ. ಅದೇ ಟಾರ್ಕಿನ ಹೊಸ ಎಸಿ ಮೋಟಾರಿನ ರೋಟರ್ ಸಾಮಾನ್ಯವಾಗಿ ಬಹಳ ಹಗುರವಾಗಿರುವುದರಿಂದ, ನೇರವಾಗಿ ಜೋಡಿಸಿದರೆ ಟ್ಯೂನಿಂಗ್ (ಚಲನೆ ಸ್ಥಿರವಾಗುವಂತೆ ಡ್ರೈವನ್ನು ಹೊಂದಿಸುವುದು) ಕಷ್ಟವಾಗುತ್ತದೆ. ಫ್ಲ್ಯಾಂಜ್, ಶಾಫ್ಟ್, ಕಪ್ಲಿಂಗ್ ಮೂರನ್ನೂ ಹೊಸದಾಗಿ ಮಾಡಿಸುವ ಕೆಲಸ ಬೇರೆ.

ಆದರೆ ಮೋಟಾರು ಆರೋಗ್ಯವಾಗಿದೆಯೇ ಎಂದು ನೋಡಲೇಬೇಕು. ಬ್ರಷ್‌ಗಳ ಉದ್ದ, ಬ್ರಷ್‌ಗಳು ಉಜ್ಜುವ ಕಮ್ಯುಟೇಟರಿನ ಮೇಲ್ಮೈ, ಒಳಗೆ ತುಂಬಿಕೊಂಡ ಇಂಗಾಲದ ಪುಡಿ, ಇವುಗಳನ್ನು ಪರೀಕ್ಷಿಸಿದ ಮೇಲೆ ಡ್ರೈವ್ (ಮೋಟಾರಿಗೆ ಕರೆಂಟು ಕೊಟ್ಟು ನಿಯಂತ್ರಿಸುವ ಘಟಕ) ಮತ್ತು ಎನ್‌ಕೋಡರಿನ (ತಿರುಗಿದಷ್ಟನ್ನು ಎಣಿಸಿ ತಿಳಿಸುವ ಸಾಧನ) ತಂತಿಗಳನ್ನು ಬಿಡಿಸಿ, ಇನ್ಸುಲೇಷನ್ ಪರೀಕ್ಷಿಸುವ ಉಪಕರಣವಾದ ಮೆಗ್ಗರ್‌ನಿಂದ ಅಳೆಯಬೇಕು. ಸ್ವಚ್ಛಗೊಳಿಸುವ ಉತ್ಸಾಹದಲ್ಲಿ ಆರ್ಮೇಚರನ್ನು (ಒಳಗೆ ತಿರುಗುವ, ಸುರುಳಿ ಸುತ್ತಿದ ಭಾಗ) ಹೊರಕ್ಕೆ ಎಳೆಯುವುದು ಮಾತ್ರ ಬೇಡ: ಒಳಗಿರುವುದು ಆಲ್ನಿಕೊ ಎಂಬ ಮಿಶ್ರಲೋಹದ ಅಯಸ್ಕಾಂತವಾಗಿದ್ದರೆ, ಆರ್ಮೇಚರ್ ಹೊರಬಂದ ಕೂಡಲೇ ಅದು ತನ್ನ ಬಲದ ಒಂದು ಭಾಗವನ್ನು ಕಳೆದುಕೊಳ್ಳುತ್ತದೆ, ಮತ್ತೆ ಕಾಂತೀಕರಿಸದ ಹೊರತು ಅದು ಮರಳುವುದಿಲ್ಲ. ಮಿತಿ ಮೀರಿದ ಕರೆಂಟಿನಿಂದಲೂ ಇದೇ ಹಾನಿಯಾಗುವುದರಿಂದ, ಹೊಸ ಡ್ರೈವಿನ ಗರಿಷ್ಠ ಕರೆಂಟನ್ನು ಮೊದಲ ಸಲ ಚಾಲೂ ಮಾಡುವ ಮುನ್ನವೇ ಮೋಟಾರಿಗೆ ತಕ್ಕಂತೆ ಇಳಿಸಿಡಬೇಕು.

ನನ್ನ ಅನುಭವದಲ್ಲಿ ರೆಟ್ರೋಫಿಟ್ (ಹಳೆಯ ಯಂತ್ರಕ್ಕೆ ಹೊಸ ನಿಯಂತ್ರಣ ಅಳವಡಿಸುವ ಕೆಲಸ) ಸೋಲುವುದು ಮೋಟಾರಿನಲ್ಲಲ್ಲ, ಫೀಡ್‌ಬ್ಯಾಕಿನಲ್ಲಿ, ಅಂದರೆ ನಿಜವಾದ ವೇಗ ಮತ್ತು ಸ್ಥಾನವನ್ನು ಹಿಂದಕ್ಕೆ ತಿಳಿಸುವ ಸಂಕೇತಗಳಲ್ಲಿ. ಹಳೆಯ ವ್ಯವಸ್ಥೆಯಲ್ಲಿ ಕಂಟ್ರೋಲರ್ ಋಣ 10ರಿಂದ ಧನ 10 ವೋಲ್ಟಿನವರೆಗಿನ ಅನಲಾಗ್ ಸಂಕೇತದ ಮೂಲಕ ವೇಗವನ್ನು ಆದೇಶಿಸುತ್ತಿತ್ತು. ಮೋಟಾರಿನ ಹಿಂಬದಿಯ ಟ್ಯಾಕೊಜನರೇಟರ್ ನಿಜವಾದ ವೇಗವನ್ನು ಡ್ರೈವಿಗೆ ತಿಳಿಸುತ್ತಿತ್ತು. ಸ್ಥಾನದ ಲೆಕ್ಕ ಮಾತ್ರ ಎನ್‌ಕೋಡರ್ ಅಥವಾ ಅದೇ ಕೆಲಸ ಮಾಡುವ ರಿಸಾಲ್ವರಿನಿಂದ ಕಂಟ್ರೋಲರಿಗೆ ಹೋಗುತ್ತಿತ್ತು. ಹೊಸ ಡಿಜಿಟಲ್ ಡ್ರೈವ್ ಬಂದಾಗ, ವೇಗವನ್ನು ಎನ್‌ಕೋಡರಿನಿಂದಲೇ ಲೆಕ್ಕ ಹಾಕಬಹುದಲ್ಲ ಎಂದು ಟ್ಯಾಕೊವನ್ನು ಕಿತ್ತೆಸೆಯುವವರಿದ್ದಾರೆ. 1000 ಗೆರೆಗಳ ಎನ್‌ಕೋಡರ್ ಒಂದು ಸುತ್ತಿಗೆ 4000 ಎಣಿಕೆ ಕೊಡುತ್ತದೆ. 10 ಮಿಲಿಮೀಟರ್ ಪಿಚ್‌ನ ಸ್ಕ್ರೂಗೆ ನೇರವಾಗಿ ಜೋಡಿಸಿದರೆ ಒಂದು ಎಣಿಕೆ 2.5 ಮೈಕ್ರಾನ್. ಟೇಬಲ್ ನಿಮಿಷಕ್ಕೆ 60 ಮಿಲಿಮೀಟರ್ ವೇಗದಲ್ಲಿ ಚಲಿಸುವಾಗ ಸೆಕೆಂಡಿಗೆ 400 ಎಣಿಕೆಗಳು, ಅಂದರೆ ಒಂದು ಮಿಲಿಸೆಕೆಂಡಿಗೆ ಅರ್ಧಕ್ಕಿಂತಲೂ ಕಡಿಮೆ. ಅಷ್ಟು ವಿರಳವಾದ ಮಾಹಿತಿಯಿಂದ ವೇಗ ತೆಗೆದರೆ ಅದು ನಯವಾಗಿರುವುದಿಲ್ಲ, ಮೋಟಾರು ಗೊರಗೊರ ಸದ್ದು ಮಾಡುತ್ತದೆ, ಫಿನಿಶಿಂಗ್ ಕಟ್‌ನಲ್ಲಿ ಅಲೆಗಳು ಮೂಡುತ್ತವೆ. ಇಂಥಲ್ಲಿ ಟ್ಯಾಕೊವನ್ನು ಸ್ವೀಕರಿಸುವ ಡ್ರೈವನ್ನೇ ಆರಿಸಬೇಕು, ಇಲ್ಲವೇ ಹೆಚ್ಚು ಗೆರೆಗಳ ಹೊಸ ಎನ್‌ಕೋಡರ್ ಹಾಕಬೇಕು.

ಯಾವ ಡ್ರೈವ್ ಕೂಡ ಸವೆದ ಸ್ಕ್ರೂವನ್ನು ಸರಿಪಡಿಸುವುದಿಲ್ಲ. ಡಯಲ್ ಗೇಜ್ ಇಟ್ಟು ಬ್ಯಾಕ್‌ಲ್ಯಾಶ್ (ದಿಕ್ಕು ಬದಲಿಸುವಾಗಿನ ಸಡಿಲ) ಅಳೆಯದೆ, ಟೇಬಲಿನ ಸ್ಥಾನವನ್ನೇ ನೇರವಾಗಿ ಅಳೆಯುವ ಲೀನಿಯರ್ ಸ್ಕೇಲಿನಿಂದ ಸ್ಥಾನದ ಲೂಪ್ ಮುಚ್ಚಿದರೆ (ಆ ಅಳತೆಯಂತೆ ಮೋಟಾರನ್ನು ತಿದ್ದುತ್ತಿದ್ದರೆ), ಟೇಬಲ್ ಗುರಿಯ ಸುತ್ತ ಹಿಂದೆ ಮುಂದೆ ಆಡುತ್ತಲೇ ಇರುತ್ತದೆ.

ಕೊನೆಯದಾಗಿ, ತಡವಾಗಿ ನೆನಪಾಗುವ ಎರಡು ವಿಷಯಗಳಿವೆ. ಭಾರವಾದ ಟೇಬಲನ್ನು ತಟ್ಟನೆ ನಿಲ್ಲಿಸುವಾಗ ಮೋಟಾರು ಜನರೇಟರಾಗಿ ಡ್ರೈವಿನ ಡಿಸಿ ಬಸ್ (ಒಳಗಿನ ಡಿಸಿ ವಿದ್ಯುತ್ ಮಾರ್ಗ) ವೋಲ್ಟೇಜನ್ನು ಏರಿಸುತ್ತದೆ; ಅದನ್ನು ಹೀರಿಕೊಳ್ಳಲು ಬ್ರೇಕಿಂಗ್ ರೆಸಿಸ್ಟರ್ ಇಲ್ಲದಿದ್ದರೆ ಡ್ರೈವ್ ಟ್ರಿಪ್ ಆಗುತ್ತದೆ. ಲಂಬ ಅಕ್ಷದಲ್ಲಿ ಡ್ರೈವ್ ಟಾರ್ಕ್ ಹಿಡಿದ ನಂತರವೇ ಬ್ರೇಕ್ ಬಿಡಬೇಕು, ಸಾಮಾನ್ಯ ನಿಲುಗಡೆಯಲ್ಲಿ ಬ್ರೇಕ್ ಕಚ್ಚಿದ ನಂತರವೇ ಟಾರ್ಕ್ ತೆಗೆಯಬೇಕು. ಆ ಬ್ರೇಕಿನ ಸುರುಳಿ 24 ವೋಲ್ಟಿನದಾಗಿರಬಹುದು, 90 ವೋಲ್ಟಿನದೂ ಆಗಿರಬಹುದು. ನಾಮಫಲಕ ಓದಿದ ನಂತರವೇ ಹೊಸ ಪವರ್ ಸಪ್ಲೈ ಜೋಡಿಸಿ.