ಜ್ವಾಲಾಮುಖಿಯ ಅಡಿಯಲ್ಲಿ ಭೂಕಂಪಗಳು ಹೆಚ್ಚಾದರೆ ಸ್ಫೋಟ ಖಚಿತವೇ?

ಪ್ರಶ್ನೆ: ಯಾವುದೋ ಜ್ವಾಲಾಮುಖಿಯ ಬಳಿ ಒಂದೇ ದಿನದಲ್ಲಿ ನೂರಾರು ಭೂಕಂಪಗಳಾದವು ಎಂಬ ಸುದ್ದಿ ಆಗಾಗ ಬರುತ್ತದೆ. ಹಾಗಾದರೆ ಅದು ಸದ್ಯದಲ್ಲೇ ಸಿಡಿಯುತ್ತದೆ ಎಂದು ತಿಳಿಯಬೇಕೇ? ಅಲ್ಲಿನ ಭೂಕಂಪ ವಿಜ್ಞಾನಿಗಳು ಏನನ್ನು ಗಮನಿಸುತ್ತಾರೆ?

ಉತ್ತರ: ಕೇವಲ ಎಣಿಕೆಯನ್ನು ನಂಬಿ ಹಾಗೆ ಹೇಳಲಾಗದು. ಇಟಲಿಯ ನೇಪಲ್ಸ್ ಸಮೀಪದ ಕಾಂಪಿ ಫ್ಲೆಗ್ರೇಯಿಯಲ್ಲಿ 1982ರಿಂದ 1984ರ ನಡುವೆ ಸಾವಿರಾರು ಭೂಕಂಪಗಳಾದವು, ಪೊಟ್ಸುವೋಲಿ ಪಟ್ಟಣದ ನೆಲ ಸುಮಾರು 1.8 ಮೀಟರ್ ಮೇಲೆದ್ದಿತು, ಸುಮಾರು 40,000 ಜನ ಮನೆ ಬಿಡಬೇಕಾಯಿತು; ಆದರೆ ಸ್ಫೋಟ ಆಗಲೇ ಇಲ್ಲ. ಕೊಲಂಬಿಯಾದ ಗಲೇರಾಸ್‌ನಲ್ಲಿ ನಡೆದದ್ದು ಇದಕ್ಕೆ ತದ್ವಿರುದ್ಧ. ಭೂಕಂಪಗಳ ಒಟ್ಟು ಸಂಖ್ಯೆ ಕಡಿಮೆಯಿದ್ದು, ಪರ್ವತ ಬಹುಮಟ್ಟಿಗೆ ಶಾಂತವಾಗಿದೆ ಎನ್ನಿಸಿದ್ದ ಹೊತ್ತಿನಲ್ಲಿ, 1993ರ ಜನವರಿ 14ರಂದು ಅದು ಹಠಾತ್ತನೆ ಸಿಡಿದು 6 ವಿಜ್ಞಾನಿಗಳನ್ನೂ 3 ಪ್ರವಾಸಿಗರನ್ನೂ ಬಲಿ ತೆಗೆದುಕೊಂಡಿತು. ಅದಕ್ಕೆ ಮುಂಚೆ ಟೋರ್ನಿಯೊ ಎಂದು ಕರೆಯಲಾಗುವ, ಬಹಳ ಹೊತ್ತು ನಿಧಾನವಾಗಿ ಕುಗ್ಗುತ್ತ ಹೋಗುವ ವಿಶಿಷ್ಟ ಕಂಪನಗಳು ಕೆಲವೇ ಕೆಲವು ಬಾರಿ ದಾಖಲಾಗಿದ್ದವು. ಎಷ್ಟು ಕಂಪನಗಳಾದವು ಎಂಬುದಕ್ಕಿಂತ ಎಂತಹವು ಆದವು ಎಂಬುದೇ ಮುಖ್ಯ ಎಂಬುದನ್ನು ಈ ದುರಂತ ಬಲು ಕಠೋರವಾಗಿ ತೋರಿಸಿತು.

ಜ್ವಾಲಾಮುಖಿಯ ಕಂಪನಗಳಲ್ಲಿ ಎರಡು ಮುಖ್ಯ ಬಗೆಗಳಿವೆ. ಮೇಲೇರಲು ದಾರಿ ಹುಡುಕುವ ಮ್ಯಾಗ್ಮಾ, ಅಂದರೆ ನೆಲದಡಿಯ ಕರಗಿದ ಬಂಡೆ, ಸುತ್ತಲಿನ ಬಂಡೆಯ ಮೇಲೆ ಒತ್ತಡ ಹೇರಿದಾಗ ಬಂಡೆ ಬಿರಿಯುತ್ತದೆ ಅಥವಾ ಹಳೆಯ ಬಿರುಕಿನ ಗುಂಟ ಜರುಗುತ್ತದೆ. ಆಗ ಹುಟ್ಟುವ ಕಂಪನ ಥಟ್ಟನೆ ಆರಂಭವಾಗುತ್ತದೆ, ಅದರ ಆವರ್ತನವೂ ಹೆಚ್ಚು. ನೋಡಲು ಅದು ಬೇರೆಡೆಯ ಸಾಮಾನ್ಯ ಭೂಕಂಪದಂತೆಯೇ ಇರುತ್ತದೆ. ಎರಡನೆಯ ಬಗೆಯ ಹುಟ್ಟಿಗೆ ಬಂಡೆಯೊಳಗಿನ ದ್ರವ ಮತ್ತು ಅನಿಲಗಳು ಕಾರಣ. ಬಿರುಕಿನಲ್ಲಿ ಸಿಕ್ಕಿಕೊಂಡ ಹಬೆ, ಅನಿಲ ಅಥವಾ ಮ್ಯಾಗ್ಮಾದ ಒತ್ತಡ ಏಕಾಏಕಿ ಬದಲಾದಾಗ, ಕೊಳಲೊಳಗಿನ ಗಾಳಿ ಮಿಡಿಯುವಂತೆ ಇಡೀ ಬಿರುಕು ಅನುರಣಿಸುತ್ತದೆ. ಸುಮಾರು 0.5ರಿಂದ 5 ಹರ್ಟ್ಜ್ ಆವರ್ತನದ, ಅಂದರೆ ಸೆಕೆಂಡಿಗೆ ಅಷ್ಟೇ ಬಾರಿ ನಿಧಾನವಾಗಿ ಮಿಡಿಯುವ ಈ ಕಂಪನಗಳನ್ನು ದೀರ್ಘಾವಧಿಯ ಕಂಪನಗಳೆನ್ನುತ್ತಾರೆ. ಇದೇ ಅನುರಣನ ನಿಮಿಷಗಟ್ಟಲೆ, ಕೆಲವೊಮ್ಮೆ ದಿನಗಟ್ಟಲೆ ಎಡೆಬಿಡದೆ ಮುಂದುವರಿದರೆ ಅದು ಜ್ವಾಲಾಮುಖಿಯ ನಡುಕ. ಪರ್ವತದ ಒಳಗೆ ಒತ್ತಡ ಏರುತ್ತಿದೆಯೇ ಎಂಬ ಪ್ರಶ್ನೆಗೆ ಹೆಚ್ಚು ನೇರವಾದ ಸುಳಿವು ಕೊಡುವುದು ಈ ಎರಡನೆಯ ಬಗೆಯೇ. ಅಲಾಸ್ಕದ ರಿಡೌಟ್ ಪರ್ವತ 1989ರ ಡಿಸೆಂಬರ್‌ನಲ್ಲಿ ಸಿಡಿಯುವುದಕ್ಕೆ ಸುಮಾರು 23 ಗಂಟೆ ಮೊದಲು ಇಂತಹ ಕಂಪನಗಳ ಸರಣಿ ಶುರುವಾಗಿತ್ತು. ಅದನ್ನು ಅಧ್ಯಯನ ಮಾಡಿದ ಬರ್ನಾರ್ಡ್ ಶೂಯೆ ಅವರ ಕೆಲಸದಿಂದ ಈ ಕಂಪನಗಳನ್ನು ಮುನ್ಸೂಚನೆಗೆ ಬಳಸುವ ಮಾರ್ಗ ಗಟ್ಟಿಯಾಯಿತು.

ಬಗೆಯಷ್ಟೇ ಮುಖ್ಯವಾದುದು ಸ್ಥಾನ. ಕಂಪನದ ಅಲೆಗಳು ಬೇರೆ ಬೇರೆ ಭೂಕಂಪಮಾಪಕ ಕೇಂದ್ರಗಳನ್ನು ತಲುಪಿದ ಸಮಯಗಳನ್ನು ಹೋಲಿಸಿ ಕಂಪನ ಎಲ್ಲಿ, ಎಷ್ಟು ಆಳದಲ್ಲಿ ಹುಟ್ಟಿತೆಂದು ಲೆಕ್ಕ ಹಾಕುತ್ತಾರೆ. ಆ ನೆಲೆ ದಿನದಿಂದ ದಿನಕ್ಕೆ ಸರಿಯುತ್ತಿದ್ದರೆ ಮ್ಯಾಗ್ಮಾ ಚಲಿಸುತ್ತಿರುವ ಸಾಧ್ಯತೆ ಹೆಚ್ಚು. ಸುಮಾರು 500 ವರ್ಷ ಸುಮ್ಮನಿದ್ದ ಫಿಲಿಪ್ಪೀನ್ಸ್‌ನ ಪಿನಾಟುಬೊದಲ್ಲಿ, ಮೊದಲು ಶಿಖರದಿಂದ ಸುಮಾರು 5 ಕಿ.ಮೀ. ವಾಯವ್ಯಕ್ಕೆ ಗುಂಪುಗೂಡಿದ್ದ ಭೂಕಂಪಗಳು 1991ರ ಜೂನ್ ಆರಂಭದಲ್ಲಿ ಶಿಖರದ ಅಡಿಗೇ ಬಂದವು. ಜೂನ್ 10ರಂದು ಸಮೀಪದ ಕ್ಲಾರ್ಕ್ ವಾಯುನೆಲೆಯನ್ನು ತೆರವುಗೊಳಿಸಲಾಯಿತು. ಜೂನ್ 15ರಂದು ಮಹಾಸ್ಫೋಟ ಸಂಭವಿಸಿತು. ಈ ಎಚ್ಚರಿಕೆ ಸಾವಿರಾರು ಜೀವಗಳನ್ನು ಉಳಿಸಿತು, ಮತ್ತು ಈ ಶಾಸ್ತ್ರಕ್ಕೆ ಇದಕ್ಕಿಂತ ದೊಡ್ಡ ಸಮರ್ಥನೆ ಬೇಕಿಲ್ಲವೆಂದೇ ನಾನು ಭಾವಿಸುತ್ತೇನೆ.

ಇಷ್ಟಾದರೂ ವಿಜ್ಞಾನಿಯ ದಿನಚರಿಯ ಬಹುಪಾಲು ಸಮಯ ಪರ್ವತದ ಸದ್ದನ್ನು ಇತರ ಸದ್ದುಗಳಿಂದ ಬೇರ್ಪಡಿಸುವುದರಲ್ಲೇ ಕಳೆಯುತ್ತದೆ. ಗಾಳಿ, ಕಡಲ ಅಲೆ, ವಾಹನ, ಹೆಲಿಕಾಪ್ಟರ್, ಬಂಡೆ ಉರುಳುವಿಕೆ, ಹಿಮನದಿಯ ಬಿರಿತ ಎಲ್ಲವೂ ಭೂಕಂಪಮಾಪಕದಲ್ಲಿ ಗೆರೆ ಮೂಡಿಸುತ್ತವೆ. ಸೌರಫಲಕ ಹಿಮದಲ್ಲಿ ಮುಚ್ಚಿಹೋದರೆ ಅಥವಾ ಸಿಡಿಲು ಬಡಿದರೆ ಒಂದು ಕೇಂದ್ರ ಮೌನವಾಗುತ್ತದೆ, ಅದನ್ನು ಸರಿಪಡಿಸಲು ಯಾರಾದರೂ ಪರ್ವತ ಹತ್ತಲೇಬೇಕು. ಕಂಪನಗಳಿಂದ ತಿಳಿದದ್ದನ್ನು ನೆಲದ ಉಬ್ಬು ಹಾಗೂ ಮ್ಯಾಗ್ಮಾದಿಂದ ಹೊರಬರುವ ಗಂಧಕದ ಡೈಆಕ್ಸೈಡ್ ಅನಿಲದ ಅಳತೆಗಳೊಂದಿಗೆ ತಾಳೆ ನೋಡದೆ ಯಾವ ಅನುಭವಿಯೂ ಮಾತಾಡುವುದಿಲ್ಲ.

ಎಲ್ಲ ಸ್ಫೋಟಗಳೂ ಪಿನಾಟುಬೊದಷ್ಟು ಕಾಲಾವಕಾಶ ಕೊಡುವುದಿಲ್ಲ. ಜಪಾನಿನ ಒಂಟಾಕೆಯಲ್ಲಿ 2014ರ ಸೆಪ್ಟೆಂಬರ್ 27ರಂದು, ಭೂಗತ ನೀರು ಹಬೆಯಾಗಿ ಸಿಡಿಯುವ ಸುಮಾರು 11 ನಿಮಿಷ ಮೊದಲಷ್ಟೇ ನಡುಕ ಆರಂಭವಾಯಿತು. 63 ಮಂದಿ ಸತ್ತರು ಅಥವಾ ಕಾಣೆಯಾದರು. ಆ ತಿಂಗಳ ಎರಡನೆಯ ವಾರದಲ್ಲಿ ಭೂಕಂಪಗಳು ಹೆಚ್ಚಿ ಮತ್ತೆ ಇಳಿದಿದ್ದವು, ಎಚ್ಚರಿಕೆಯ ಮಟ್ಟ ಮಾತ್ರ ಅತಿ ಕೆಳಗಿನ ಹಂತದಲ್ಲೇ ಇತ್ತು. ಆದುದರಿಂದಲೇ ವಿಜ್ಞಾನಿಗಳು ದಿನಾಂಕ ಹೇಳದೆ ಸಂಭವನೀಯತೆಯನ್ನು ಹೇಳುತ್ತಾರೆ. ಐಸ್‌ಲ್ಯಾಂಡಿನ ಗ್ರಿಂಡಾವಿಕ್ ಪಟ್ಟಣದ ಅಡಿಯಲ್ಲಿ ಮ್ಯಾಗ್ಮಾ ಸುಮಾರು 15 ಕಿ.ಮೀ. ಉದ್ದಕ್ಕೆ ಹರಡಿದುದನ್ನು ಭೂಕಂಪಗಳು ತೋರಿಸಿದಾಗ, 2023ರ ನವೆಂಬರ್ 10ರ ರಾತ್ರಿಯೇ ಜನರನ್ನು ಹೊರಗೆ ಕಳುಹಿಸಲಾಯಿತು. ಲಾವಾ ಹೊರಬಂದದ್ದು ಡಿಸೆಂಬರ್ 18ರಂದು.